ಅಕ್ಷರ ನನ್ನದು, ಉಸ್ತಾದ್ ಅವನು

ಮದುವೆಯಾಗಿ ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ಅರವತ್ತರ ದಶಕ ಮುಗಿಯುತ್ತಿತ್ತು. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಮಲಾಡ್ ಸ್ಟೇಷನ್ನಿನ ಹೊರಗೆ, ಬಳೆ ಮಾರುವವರ ಪಕ್ಕ ಗೋಣಿಚೀಲ ಹಾಸಿಕೊಂಡು ಹಚ್ಚೆ ಹಾಕುತ್ತಿದ್ದಳು. ದೀಪದ ಮಸಿಯನ್ನು ಎಲೆಯ ರಸದಲ್ಲಿ ಅರೆದು, ದಾರದಿಂದ ಒಟ್ಟಿಗೆ ಕಟ್ಟಿದ ಸೂಜಿಗಳನ್ನು ಅದರಲ್ಲಿ ಅದ್ದಿ, ಹೆಂಗಸರ ಮುಂಗೈ ಮೇಲೆ ತುಳಸಿಕಟ್ಟೆ, ಚೇಳು, ಚುಕ್ಕೆಗಳನ್ನು ಚುಚ್ಚುತ್ತಿದ್ದಳು. ಊರಿನಲ್ಲಾಗಿದ್ದರೆ ಅಷ್ಟು ಸಾಕಿತ್ತು. ಮುಂಬಯಿಯವರಿಗೆ ಹೆಸರು ಬೇಕಿತ್ತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಗಿರಾಕಿಗಳು ಎದ್ದು ಹೋಗುತ್ತಿದ್ದರು. ಅವಳು ನನಗೆ ಕೆಲಸ ಕಲಿಸಿದ್ದು ಅದಕ್ಕೆ, ಮಮತೆಯಿಂದ ಅಲ್ಲ.

"ಮೊದಲ ಬದನಿಕಾಯಿ ಮ್ಯಾಲ ಚುಚ್ಚು," ಎಂದಳು. "ಸಿಪ್ಪಿ ದಾಟಬೇಕು, ತಿರುಳಿಗೆ ಹೋಗಬಾರ್ದು."

ಕೈ ಹದಕ್ಕೆ ಬಂದ ಮೇಲೆ ನನ್ನ ಕಾಲಿನ ಮೇಲೆ ನಾನೇ ಚುಚ್ಚಿಕೊಳ್ಳಬೇಕಾಯಿತು. ಕಣ್ಣಲ್ಲಿ ನೀರು ಬಂತು.

"ಅಳೂದಿದ್ರ ಸೂಜಿ ಕೆಳಗಿಡು."

ಇಡಲಿಲ್ಲ. ಗಾಯ ಬಾತು ಕೀವು ತುಂಬಿತು. ಸೂಜಿ ಎಷ್ಟು ಆಳ ಹೋಗಬಾರದು ಎಂಬುದು ಆಗ ಗೊತ್ತಾಯಿತು. ಮರಾಠಿ ಅಕ್ಷರಗಳನ್ನು ಸ್ಟೇಷನ್ನಿನ ಬೋರ್ಡುಗಳನ್ನು ನೋಡಿ, ಗೊತ್ತಾಗದ್ದನ್ನು ಬಳೆಗಾರ್ತಿಯನ್ನು ಕೇಳಿ ಕಲಿತೆ.

ನನ್ನ ಮೊದಲ ಗಿರಾಕಿ ಮೀನು ಮಾರುವ ಒಬ್ಬ ಹೆಂಗಸು. ಸಮುದ್ರಕ್ಕೆ ಹೋಗಿ ತಿರುಗಿ ಬಾರದ ತಮ್ಮನ ಹೆಸರು ಅವಳಿಗೆ ತೋಳಿನ ಮೇಲೆ ಬೇಕಿತ್ತು. ಮುಗಿದ ಮೇಲೆ ತೋಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಛಾನ್ ಝಾಲಂ," ಚೆನ್ನಾಗಿ ಆಯಿತು, ಎಂದು ನನ್ನ ಕೆನ್ನೆ ಮುಟ್ಟಿದಳು. ಆ ಊರಿನಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಗಂಡ ಕಟ್ಟಡದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಭಾರ ಹೊರಲು ಆಗದೆ ಮನೆಯಲ್ಲಿ ಕೂತ. ಅತ್ತೆ ಕೊರಳ ಸರ ಮಾರಿ ಅವನಿಗೆ ಬ್ಯಾಟರಿಯಿಂದ ಓಡುವ ಹಚ್ಚೆ ಮಷೀನು ತಂದುಕೊಟ್ಟಳು.

"ಗಂಡಸು ಕುಂತ್ರ ಮಂದಿ ನಂಬತಾರ," ಎಂದಳು ನನಗೆ. "ನೀ ಪೆನ್ನಿಲೆ ಬರದು ಕೊಡು. ಅಂವ ಅದರ ಮ್ಯಾಲ ಮಷೀನ್ ಓಡಸ್ತಾನ."

ಹೀಗೆ ನಾನು ಚರ್ಮದ ಮೇಲೆ ಬರೆಯುವವಳಾದೆ, ಅವನು ಉಸ್ತಾದ್ ಆದ. "ಕ್ಯಾ ಅಕ್ಷರ್ ಹೈ, ಉಸ್ತಾದ್!" ಎಂಥ ಅಕ್ಷರ, ಎಂದು ಗಿರಾಕಿಗಳು ಹೊಗಳಿದರೆ ಅವನು ನಗುತ್ತಿದ್ದ. ಪಕ್ಕದಲ್ಲಿ ಪೆನ್ನು ಹಿಡಿದು ಕೂತ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಮ್ಮೆ ಜ್ವರ ಬಂದು ನಾನು ಮನೆಯಲ್ಲಿ ಮಲಗಿದ್ದೆ. ಆ ದಿನ ಮಿಲ್ ಕೆಲಸಗಾರನೊಬ್ಬ ತೀರಿಹೋದ ತಾಯಿಯ ಹೆಸರನ್ನು ಚೀಟಿಯಲ್ಲಿ ಬರೆದು ತಂದಿದ್ದ. ಅಕ್ಷರ ಬಾರದ ಗಂಡ ಅದನ್ನು ನೋಡಿಕೊಂಡು ತಾನೇ ಚುಚ್ಚಿದ. ನಡುವಿನ ಒಂದು ಅಕ್ಷರ ಬಿಟ್ಟುಹೋಯಿತು. ನಾನು ಮತ್ತೆ ಕೆಲಸಕ್ಕೆ ಬಂದು ಕೂತಾಗ ಆ ಮನುಷ್ಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ತೋಳು ಮುಂದೆ ಚಾಚಿ ತಪ್ಪಾದ ಹೆಸರು ತೋರಿಸಿದ.

"ಇಸ್‌ನೇ ಲಿಖಾ," ಬರೆದವಳು ಇವಳು, ಎಂದು ಗಂಡ ನನ್ನತ್ತ ಬೆರಳು ಮಾಡಿದ.

"ಯೇ ತೋ ಥೀ ಹೀ ನಹೀ!" ಇವಳು ಇರಲೇ ಇಲ್ಲವಲ್ಲ ಎಂದ ಆ ಮನುಷ್ಯ.

ಅವನ ಮಾತು ಮುಗಿಯುವ ಮೊದಲೇ ಗಂಡ ನನ್ನ ಕೆನ್ನೆಗೆ ಬಾರಿಸಿದ. ಸಂತೆಯಂಥ ಜನದ ನಡುವೆ. ಮಿಲ್ಲಿನವನು ತಲೆ ತಗ್ಗಿಸಿ ಹೊರಟುಹೋದ. ಅತ್ತೆ ಮಸಿ ಅರೆಯುತ್ತಲೇ ಇದ್ದಳು. ನಾನು ಮನೆಯಲ್ಲಿ ಮಲಗಿದ್ದಾಗ ನನಗೆ ಗಂಜಿ ಕಾಯಿಸಿ ಕೊಟ್ಟವಳು ಅವಳೇ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಮರುದಿನ ಬೆಳಿಗ್ಗೆ ಮೂಲೆಗೆ ಬಿದ್ದಿದ್ದ ಹಳೆಯ ಸೂಜಿಗಳನ್ನು ಸೆರಗಿಗೆ ಕಟ್ಟಿಕೊಂಡು ಲೋಕಲ್ ಹತ್ತಿದೆ. ದಾದರಿನಲ್ಲಿ ಇಳಿದು ಗಾಡಿ ಬದಲಿಸಿ ಬೈಕುಲ್ಲಾಕ್ಕೆ ಹೋದೆ. ಅಲ್ಲಿನ ತರಕಾರಿ ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊರುತ್ತಿದ್ದ ನಮ್ಮ ಕಡೆಯ ಒಬ್ಬಳು ತನ್ನ ಖೋಲಿಯಲ್ಲಿ ಜಾಗ ಕೊಟ್ಟಳು. ಮಾರ್ಕೆಟ್ಟಿನ ಗೋಡೆಗೆ ಒರಗಿ ಕೂತೆ. ಗಂಡಸರು ಮಷೀನು ಇಲ್ಲವೇ ಎಂದು ಕೇಳಿ ನಕ್ಕು ಮುಂದೆ ಹೋಗುತ್ತಿದ್ದರು. ಬುಟ್ಟಿ ಹೊರುವ ಹೆಂಗಸರು ಬಂದರು. ಹೊಟ್ಟೆಗೆ ಆಗುವಷ್ಟು ಆಯಿತು, ಅದಕ್ಕಿಂತ ಹೆಚ್ಚು ಎಂದೂ ಆಗಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಅತ್ತೆ ಹುಡುಕಿಕೊಂಡು ಬಂದಳು. ಮುದುಕಿಯಾಗಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ನನ್ನ ಕೈ ಹಿಡಿದಾಗ, ಆ ದಿನದ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ಕಾದೆ.

"ಗಿರಾಕಿ ಬರವಲ್ರು," ಎಂದಳು. "ಅಂವ ಬರದ ಅಕ್ಷರ ಯಾರಿಗೂ ತಿಳೀವಲ್ದು. ಬಂದು ಬರದು ಕೊಟ್ರ ಸಾಕು. ಸೂಜಿ ಗೊಡವಿ ನಿನಗ ಬ್ಯಾಡ."

ಕೈ ಬಿಡಿಸಿಕೊಂಡೆ. "ನಿಮ್ಮ ಮಗಗ ಅಕ್ಷರ ಕಲಿ ಅಂತ ಹೇಳ್ರಿ, ಅತ್ತಿ."

ಅವಳು ನನ್ನನ್ನು ದುರುಗುಟ್ಟಿ ನೋಡಿ, ಮೊಣಕಾಲಿಗೆ ಕೈ ಊರಿ ಎದ್ದಳು. ಸ್ಟೇಷನ್ ಕಡೆ ಹೋಗುವವಳನ್ನು ನಾನು ಕರೆಯಲಿಲ್ಲ, ಒಂದು ಲೋಟ ಚಹಾ ಕುಡಿದು ಹೋಗಿ ಎಂದೂ ಹೇಳಲಿಲ್ಲ. ಗೋಡೆಯ ಹತ್ತಿರ ಒಬ್ಬ ಹೆಂಗಸು ತೋಳು ತೊಳೆದುಕೊಂಡು ಕಾಯುತ್ತಿದ್ದಳು. ಸೂಜಿಯನ್ನು ಮಸಿಯಲ್ಲಿ ಅದ್ದಿ, ಯಾರ ಹೆಸರು ಬರೆಯಲಿ ಎಂದು ಅವಳನ್ನು ಕೇಳಿದೆ.