ನಾಲ್ಕನೆಯ ಮನೆಯ ಅಜ್ಜಿಯ ದನಿ

ಐವತ್ತೆರಡರ ಆ ಹೆಂಗಸಿನ ಗಂಟಲಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮನೆ ಮಾಡಿದ್ದ. ಮಕ್ಕಳ ಟೀವಿಯಲ್ಲಿ ಹಾರಾಡುವ ವೀರ ಮಿಂಚುಮರಿಗೆ ಹನ್ನೊಂದು ವರ್ಷದಿಂದ ದನಿ ಕೊಡುತ್ತಿದ್ದವಳು ಅವಳೇ. ಸ್ಟುಡಿಯೋದವರಿಗೆಲ್ಲ ಅವಳು ಮಿಂಚಮ್ಮ. ಅಂಗಡಿಯಲ್ಲಿ ಒಮ್ಮೆ ಆ ದನಿ ತೆಗೆದರೆ ಸಾಕು, ರಚ್ಚೆ ಹಿಡಿದ ಮಗು ಅಳು ಮರೆತು ಸುತ್ತಲೂ ಹುಡುಕುತ್ತಿತ್ತು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಹೊರಗೂ ಸ್ವಲ್ಪ ಇತ್ತೆನ್ನಿ.

ಆ ವರ್ಷ ಚಳಿಗಾಲದ ಹಬ್ಬಗಳಿಗೆಂದು ವಿಶೇಷ ಕಂತು ಬಂತು. ಮಂಜಿನ ರಾಕ್ಷಸ ಮಿಂಚುಮರಿಯ ಶಕ್ತಿಯನ್ನು ಕಸಿಯುತ್ತಾನೆ. ಹುಡುಗ ಬೇರೆ ಬೇರೆ ಹಬ್ಬ ಮಾಡುವ ನಾಲ್ಕು ಮನೆಗಳ ಬಾಗಿಲು ತಟ್ಟುತ್ತಾನೆ. ಒಂದೊಂದು ಮನೆಯ ಹಾರೈಕೆಯಿಂದ ಅವನ ಮೈಗೆ ಒಂದಿಷ್ಟು ಬೆಳಕು ಮರಳುತ್ತದೆ. ನಾಲ್ಕನೆಯ ಮನೆಯ ಅಜ್ಜಿಗೆ ದನಿ ಕೊಡಬೇಕಾದವಳು ಜ್ವರವೆಂದು ಬರಲಿಲ್ಲ. ನಿರ್ದೇಶಕ ಮಿಂಚಮ್ಮನ ಮುಖ ನೋಡಿದ. ಅದೇನು ಮಹಾ ಎಂದು ಅವಳು ಒಪ್ಪಿಕೊಂಡಳು.

ಅಜ್ಜಿಯ ಹಾರೈಕೆ ಮಿಂಚಮ್ಮನಿಗೆ ಬಾರದ ಭಾಷೆಯಲ್ಲಿತ್ತು, ಒಂದೇ ಸಾಲು. ಹೇಗೆ ಹೇಳುವುದೆಂದು ಯಾರನ್ನೂ ಕೇಳಲಿಲ್ಲ. ಮೂಗಿನಲ್ಲಿ ರಾಗ ಎಳೆದು, ಪದಗಳನ್ನು ತಿರುಚಿ, ಕೊನೆಗೊಂದು ಬಿಕ್ಕಳಿಕೆ ಸೇರಿಸಿದಳು. ನಿರ್ದೇಶಕನೂ ಉಳಿದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕರಲ್ಲ ಎಂದು ಇನ್ನೊಮ್ಮೆ, ಎರಡು ಬಿಕ್ಕಳಿಕೆ ಹಾಕಿ ಹೇಳಿದಳು. ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಮಾತ್ರ ತಲೆಯೆತ್ತದೆ ಸರಿ ಎಂದ. ಅವನು ಮೊದಲೇ ಮಿತಭಾಷಿ. ಹಲ್ಲುನೋವಿರಬೇಕು ಎಂದುಕೊಂಡು ಅವಳು ಮನೆಗೆ ಹೋದಳು.

ಕಂತು ಪ್ರಸಾರವಾಯಿತು. ಎಲ್ಲರ ಮನೆಯ ಮಕ್ಕಳಿಗೂ ಅಜ್ಜಿ ಹಿಡಿಸಿದ್ದಳು. ನಿಮ್ಮ ಮನೆಯಲ್ಲೂ ಇಷ್ಟವಾಯಿತೇ ಎಂದು ಮಿಂಚಮ್ಮ ವೈರ್ ಸುತ್ತುತ್ತಿದ್ದ ರೆಕಾರ್ಡಿಸ್ಟನನ್ನೂ ಕೇಳಿದಳು, ಹೊಗಳಿಕೆಗೆ ಕಿವಿಯೊಡ್ಡಿಯೇ.

"ಇಷ್ಟ ಆಯ್ತಕ್ಕ," ಎಂದ ಅವನು. ವೈರ್ ಪೂರ್ತಿ ಸುತ್ತಿಟ್ಟ ಮೇಲೆ ಹೇಳಿದ: "ಅದು ನಮ್ಮನೆ ಹಬ್ಬ. ಮೊದಲನೇ ಸಲ ಟೀವೀಲಿ ಬರುತ್ತೆ ಅಂತ ಅಮ್ಮನ್ನ ಮುಂದೇನೇ ಕೂರಿಸಿದ್ದೆ. ಈಗ ಅಮ್ಮ ಹರಸೋಕೆ ಬಾಯಿ ತೆಗೆದ್ರೆ ನನ್ನ ಮಗಳು ಟೀವಿ ಅಜ್ಜಿ ಥರ ಬಿಕ್ಕಳಿಸ್ತಾಳೆ."

ಅವಳ ಬಾಯಿಂದ ಮೊದಲು ಬಂದದ್ದು ಕ್ಷಮೆಯಲ್ಲ. "ಅವತ್ತೇ ಹೇಳೋದಲ್ವಾ?"

"ಎಲ್ಲಾರೂ ನಗ್ತಿದ್ರಲ್ಲಕ್ಕ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹನ್ನೊಂದು ವರ್ಷ ಒಂದೇ ಗಾಜಿನ ಈಚೆ ಆಚೆ ಇದ್ದರೂ ನಿಮ್ಮ ಮನೆಯಲ್ಲಿ ಯಾವ ಹಬ್ಬ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ತಪ್ಪನ್ನೂ ಅವನ ತಲೆಗೇ ಕಟ್ಟಲು ಹೋಗಿದ್ದಳು.

ಭಾನುವಾರ ಅವನ ಮನೆಗೆ ಹೋದಳು. ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದಳು. ಮಾತಾಡಿದ್ದೇ ತಡ, ಒಳಗಿನಿಂದ ಓಡಿಬಂದ ಅವನ ಮಗಳು ದನಿ ಗುರುತು ಹಿಡಿದು, ಆ ಅಜ್ಜಿ ತರಹ ಮಾತಾಡಿ ಎಂದು ಸೆರಗು ಜಗ್ಗಿದಳು. ಕಟ್ಟಿಕೊಂಡ ಮಾತೆಲ್ಲ ಚೆಲ್ಲಿಹೋಯಿತು. ತಪ್ಪು ಮಾಡಿಬಿಟ್ಟೆ ಎಂದಷ್ಟೇ ತೊದಲಿದಳು.

ಒಗೆದ ಬಟ್ಟೆ ಮಡಿಸುತ್ತಿದ್ದ ಅವನ ಮುದುಕಿ ತಾಯಿ ಕೈ ನಿಲ್ಲಿಸಲಿಲ್ಲ. "ಮಾತು ತಪ್ಪಿದ್ರೆ ತಪ್ಪಲಿ ಬಿಡಮ್ಮ. ನಮ್ಮ ಮಾತು ಅಂದ್ರೆ ನಗೋಕಿರೋದು ಅಂತ ಈ ಕೂಸು ತಿಳ್ಕೊಂಡ್ಬಿಡ್ತು. ಸಂಕಟ ಆಗಿದ್ದು ಅದಕ್ಕೆ."

ಮರುಪ್ರಸಾರಕ್ಕೆ ನೀವೇ ಬಂದು ಹೇಳಿ, ನಿಮ್ಮ ದನಿಯನ್ನೇ ಹಾಕೋಣ ಎಂದು ಅವಳು ಬೇಡಿಕೊಂಡಳು.

"ಕೆಡಿಸಿದ್ದು ನೀನು. ನೀನೇ ಸರಿಮಾಡು. ಕೂತ್ಕೋ, ಕಲಿಸ್ತೀನಿ."

ಆ ಒಂದು ಸಾಲು ನಾಲಿಗೆಗೆ ಹತ್ತಲು ಇಡೀ ಸಂಜೆ ಬೇಕಾಯಿತು. ಯಾರು ಗಮನಿಸ್ತಾರೆ ಬಿಡಿ ಎಂದು ನಿರ್ದೇಶಕ ಮೂಗು ಮುರಿದ. ಅವಳು ಪಟ್ಟು ಬಿಡಲಿಲ್ಲ. ಊಟದ ಬಿಡುವಿನಲ್ಲಿ ಮತ್ತೆ ಮೈಕಿನ ಮುಂದೆ ನಿಂತಳು. ರೆಕಾರ್ಡಿಸ್ಟ್ ದಾಕ್ಷಿಣ್ಯ ನೋಡದೆ ಏಳು ಸಲ ಹೇಳಿಸಿದ. ಮರುಪ್ರಸಾರದಲ್ಲಿ ಅಜ್ಜಿ ಅಜ್ಜಿಯಂತೆಯೇ ಹರಸಿದಳು. ಯಾರೂ ನಗಲಿಲ್ಲ, ಯಾರೂ ಹೊಗಳಲಿಲ್ಲ. ಮೂರನೆಯ ಪದ ಇನ್ನೂ ಕೊಂಚ ಓರೆ ಎಂದು ಮುದುಕಿ ಮಗನ ಕೈಲಿ ಹೇಳಿಕಳಿಸಿದಳು.

ರೆಕಾರ್ಡಿಸ್ಟ್ ಈಗಲೂ ಅವಳನ್ನು ಅಕ್ಕ ಎಂದೇ ಕರೆಯುತ್ತಾನೆ. ಹಾಗೆ ಕರೆದಾಗಲೆಲ್ಲ ನಾಚಿಕೆಗೆ ಅವಳ ಕಿವಿ ಬಿಸಿಯಾಗುತ್ತದೆ.