ನನ್ನ ಮೂರು ದಿನ, ಅವಳ ಕಣ್ಣೀರು

ಆ ಹುಡುಗಿಗೆ ದೆವ್ವ ಹಿಡಿದಿರಲಿಲ್ಲ. ಗಂಡನ ಮನೆಯವರು ಕೋಣೆಯಲ್ಲಿ ಕೂಡಿ ಹಾಕಿದರು, ಹೊಡೆದರು, ಅನ್ನ ನೀರು ಕೊಡಲಿಲ್ಲ, ಸತ್ತಳು. ನಡೆದದ್ದು ಇಷ್ಟೇ. ಇಷ್ಟನ್ನು ಹೇಳಲು ಪಿಕ್ಚರ್ ಮಾಡಿದವರಿಗೆ ಎರಡೂವರೆ ತಾಸು, ಒಂದು ಹಾಳು ಬಂಗಲೆ, ಗೋಡೆ ಏರುವ ಒಂದು ಬಿಳಿ ಸೀರೆ ಬೇಕಾಯಿತು. ಮೊದಲಿಗೇ ‘ಇದು ನಿಜವಾಗಿ ನಡೆದದ್ದು’ ಎಂದು ಪರದೆಯ ಮೇಲೆ ಬರೆದು ತೋರಿಸಿದರು. ನಿಜವಾಗಿ ನಡೆಯುವುದಕ್ಕೆ ಅಷ್ಟು ಸದ್ದು ಇರುವುದಿಲ್ಲ. ಕೂಡಿ ಹಾಕಿದವಳು ಮೊದಲ ಒಂದು ತಾಸು ಕಿರುಚುತ್ತಾಳೆ. ಆಮೇಲೆ ಗಂಟಲು ಹೋಗುತ್ತದೆ. ಆಮೇಲೆ ನಿದ್ದೆ ಬರುತ್ತದೆ. ಪಾಪ, ನಿದ್ದೆ ತೋರಿಸಿದರೆ ಟಿಕೆಟ್ ಯಾರು ತೆಗೆಸುತ್ತಾರೆ?

ಇಂಥ ಪಿಕ್ಚರ್ ನೋಡುವ ಹುಚ್ಚು ನನ್ನದಲ್ಲ, ಮೊಮ್ಮಗಳು ಶ್ವೇತಾಳದು. ಬೀದರಿನಲ್ಲೇ ಡಿಗ್ರಿ ಓದುತ್ತಾಳೆ. ಓದುವುದಕ್ಕಿಂತ ಮೊಬೈಲಿನಲ್ಲಿ ವಿಡಿಯೋ ಮಾಡಿ ಊರಿಗೆಲ್ಲ ತೋರಿಸುವುದೇ ಹೆಚ್ಚು. ಪಿಕ್ಚರ್ ಬಿಟ್ಟ ಕೂಡಲೇ ಹೊರಬಾಗಿಲಲ್ಲಿ ನಿಂತು, ಬಂದವರ ಬಾಯಿಗೆ ಮೊಬೈಲ್ ಹಿಡಿದು, ‘ಹ್ಯಾಂಗ ಅನ್ನಿಸ್ತ್ರಿ?’ ಎಂದು ಕೇಳುವುದು ಅವಳ ಕೆಲಸ. ಈ ಸಲ ನನ್ನನ್ನೂ, ಭಾಲ್ಕಿಯಿಂದ ಬಂದಿದ್ದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಕಸ್ತೂರಿಯನ್ನೂ, ಮೈಲೂರು ಓಣಿಯ ನಮ್ಮ ಪಕ್ಕದ ಮನೆಯ ಬಿಲ್ಕೀಸ್ ಖಾಲಾಳನ್ನೂ ಮಧ್ಯಾಹ್ನದ ಆಟಕ್ಕೆ ಕರೆದೊಯ್ದಳು. ಮುದುಕಿಯರು ಹೆದರಿದರೆ ವಿಡಿಯೋ ನೋಡುವವರು ಜಾಸ್ತಿಯಂತೆ.

ನಾನು ಪರದೆಗಿಂತ ಜನರನ್ನೇ ಹೆಚ್ಚು ನೋಡಿದೆ. ನಾನು ಕಲಿತದ್ದು ಮೂರನೇ ಇಯತ್ತೆ, ಆದರೂ ಮುಖ ಓದಲು ಬರುತ್ತದೆ. ಹುಡುಗರು ಹೆದರಿದಾಗ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಕ್ಕವನೇ ಎಲ್ಲರಿಗಿಂತ ಹೆಚ್ಚು ಹೆದರಿದವನು. ಮದುವೆಯಾದ ಹೆಂಗಸರು ದೆವ್ವ ಬಂದಾಗ ಸುಮ್ಮನೆ ಕೂತಿದ್ದು, ಅತ್ತೆ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಮ್ಮ ಮುಂದಿನ ಸಾಲಿನ ಗಂಡಸೊಬ್ಬ ಮೂಗು ಒರೆಸಿಕೊಂಡು ಅತ್ತ. ಹೊರಗೆ ಬಂದು ಮೊಬೈಲಿಗೆ ‘ಹೆಣ್ಣಂದ್ರ ದೇವಿ ಇದ್ದಂಗ್ರಿ’ ಎಂದ. ಮೆಟ್ಟಿಲು ಇಳಿಯುವುದರೊಳಗೆ ಹಿಂದೆ ಉಳಿದ ಹೆಂಡತಿಗೆ ‘ಲಗೂ ನಡಿ, ಕಾಲಿಗೇನ್ ಬ್ಯಾನಿ ಬಂದದ?’ ಎಂದು ಗದರಿದ. ಖಾಲಾ ಇಡೀ ಪಿಕ್ಚರನ್ನು ಬುರ್ಖಾದ ಸಂದಿಯಿಂದಲೇ ನೋಡಿ ಮುಗಿಸಿ, ‘ಜಿನ್ ಕು ಮುಫತ್ ಮೇಂ ಬದನಾಮ್ ಕರೇ’ ಎಂದಳು. ಮಾಡಿದವರು ಮನುಷ್ಯರು, ಹೆಸರು ಕೆಟ್ಟದ್ದು ಪಾಪದ ಜಿನ್ನಿಂದು. ಇಷ್ಟು ಸರಿಯಾದ ಮಾತನ್ನು ಆವತ್ತು ಬೇರೆ ಯಾರೂ ಆಡಲಿಲ್ಲ.

ಶ್ವೇತಾ ನನ್ನ ಬಾಯಿಗೂ ಮೊಬೈಲ್ ಹಿಡಿದಳು. ‘ಆಯಿ, ನಿನಗ ಹ್ಯಾಂಗ ಅನ್ನಿಸ್ತು?’

‘ಸೀಟು ಛಲೋ ಅದಾವ,’ ಎಂದೆ. ಬಾಯಲ್ಲಿ ಹುರಿಗಡಲೆ ಪುಟಾಣಿ ಇತ್ತು.

ಆಮೇಲೆ ಕಸ್ತೂರಿಯ ಪಾಳಿ. ಅವಳು ಗೋಡೆ ಹಿಡಿದು ಬಿಕ್ಕುತ್ತಿದ್ದಳು. ‘ನನಗೂ ಹಿಂಗೇ ಮಾಡಿದ್ರವ್ವಾ,’ ಎಂದಳು. ‘ಔರಾದದ ಮನ್ಯಾಗ. ಮೊದಲನೇ ಕೂಸು ಸತ್ತಿತ್ತು, ಮಾತಾಡೋದೇ ಬಿಟ್ಟಿದ್ದೆ. ಗಾಳಿ ಬಡದದ ಅಂತ ನಮ್ಮತ್ತಿ ಕಣಕಿ ಕ್ವಾಣ್ಯಾಗ ಹಾಕಿ ಮೆಣಸಿನಕಾಯಿ ಹೊಗಿ ಹಾಕಿದ್ಳು. ಮೂರು ದಿನ.’

ನಾನು ಪುಟಾಣಿ ಅಗಿಯುವುದನ್ನು ನಿಲ್ಲಿಸಿದೆ. ಆ ಕೂಸು ನನ್ನದು. ದನದ ಮೇವಿನ ಕಣಕಿ ತುಂಬಿದ ಆ ಕೋಣೆಯಲ್ಲಿ ಇದ್ದವಳು ನಾನು. ಕಸ್ತೂರಿ ಆಗ ಮದುವೆಯಾಗಿ ಬಂದು ಆರು ತಿಂಗಳು, ಅವಳಿಗೆ ಕೂಸೇ ಇರಲಿಲ್ಲ. ಪಂಚಮಿಗೆ ನನ್ನನ್ನು ಕರೆದೊಯ್ಯಲು ಕಮಲನಗರದಿಂದ ನನ್ನ ಅಣ್ಣ ಬಂದನೆಂದು ಅತ್ತೆ ಗಡಬಡಿಸಿ ಬಾಗಿಲು ತೆಗೆಸಿದಳು. ಅವನು ಹಬ್ಬ ಮರೆತಿದ್ದರೆ ಈ ಪಿಕ್ಚರ್ ನನ್ನ ಮೇಲೇ ಆಗುತ್ತಿತ್ತು.

ಸಂಜೆಯೊಳಗೆ ಕಸ್ತೂರಿಯ ವಿಡಿಯೋವನ್ನು ಯಾರು ಯಾರೋ ನೋಡಿ, ಅಳುವ ಗೊಂಬೆಮುಖಗಳನ್ನು ಕಳಿಸಿದರು. ಶ್ವೇತಾ ಒಂದೊಂದೇ ಓದಿ ಹೇಳಿದಳು. ‘ಅಮ್ಮಾ, ನಿಮ್ಮ ಕಾಲಿಗೆ ಬೀಳುತ್ತೇನೆ’ ಎಂದು ಒಬ್ಬ. ‘ಹಿಂದೆ ನಿಂತು ತಿನ್ನುತ್ತಿರುವ ಆ ಮುದುಕಿಗೆ ಕರುಳೇ ಇಲ್ಲವೇ?’ ಎಂದು ಇನ್ನೊಬ್ಬಳು. ಆ ಮುದುಕಿ ನಾನೇ.

ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಿಗೆ ನಾನು ಹೊಸಬಳಲ್ಲ. ಕಸ್ತೂರಿಗೆ ಸಾಲಾಗಿ ಗಂಡುಮಕ್ಕಳಾದಾಗ ಪಟ್ಟಿದ್ದೇನೆ. ಭಾಲ್ಕಿಯಲ್ಲಿ ಅವಳ ಮನೆಗೆ ಸ್ಲ್ಯಾಬಿನ ಮಾಳಿಗೆ ಆದಾಗ ಪಟ್ಟಿದ್ದೇನೆ. ಈ ವಯಸ್ಸಿನಲ್ಲೂ ಉದುರದ ಅವಳ ಹಲ್ಲಿಗೆ ದಿನಾಲೂ ಪಡುತ್ತೇನೆ. ಆದರೆ ಅವೆಲ್ಲ ಅವಳವೇ. ನನ್ನದೇ ಕಷ್ಟಕ್ಕೆ ನಾನೇ ಹೊಟ್ಟೆಕಿಚ್ಚು ಪಡುವ ಪಾಳಿ ಬರುತ್ತದೆಂದು ಅಂದುಕೊಂಡಿರಲಿಲ್ಲ. ಉಡದೆ ಪೆಟ್ಟಿಗೆಯಲ್ಲಿಟ್ಟ ಸೀರೆಯನ್ನು ನೆಗೆಣ್ಣಿ ಉಟ್ಟುಕೊಂಡು ಮದುವೆಗೆ ಹೋದಂತಾಯಿತು. ಅದರ ಮೇಲೆ, ಅವಳಿಗೆ ಅದು ಚೆನ್ನಾಗಿ ಒಪ್ಪಿಯೂ ಇತ್ತು.

ಊರಿನವರು ಏನಾದರೂ ಅನ್ನಲಿ. ನನ್ನ ಮಗನ ಮಗಳು ಅವಳಿಗೆ ಶುಂಠಿ ಚಹಾ ಮಾಡಿ ಕೊಟ್ಟು, ಅವಳ ಕೈ ಹಿಡಿದುಕೊಂಡು ಕೂತಿದ್ದಳಲ್ಲ, ಅದನ್ನು ಮಾತ್ರ ಸಹಿಸಲಾಗಲಿಲ್ಲ. ಸಾಯುವುದರೊಳಗೆ ಈ ಒಬ್ಬ ಹುಡುಗಿಗಾದರೂ ಆ ಕೋಣೆಯಲ್ಲಿದ್ದವಳು ನಾನೆಂದು ಗೊತ್ತಾಗಬೇಕು ಅನ್ನಿಸಿತು. ಐವತ್ತು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ. ಕೇಳಿದವರಿಗೂ ಸೀಟು ಛಲೋ ಅದಾವ ಎನ್ನುವವಳು ನಾನು.

ಶ್ವೇತಾ ಖಾಲಾಳ ಮನೆಗೆ ಹೋದ ಹೊತ್ತು ನೋಡಿ ಅಡಿಗೆಮನೆಗೆ ಹೋದೆ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು.

‘ಏನವ್ವಾ, ನಾ ಸಾಯೂತನಕರೆ ನನ್ನ ಕಥಿ ನನ್ನ ಕಡಿ ಬಿಡಬಾರದಿತ್ತಾ?’

‘ನೀ ಹೇಳ್ತಿದ್ದೇನ ಯಕ್ಕಾ?’

‘ಹೇಳ್ಲಿಲ್ಲಂದ್ರ ನಿಂದಾಗ್ತದೇನು? ಒಳಗಿದ್ದಾಕಿ ನಾನು. ನೀ ಎಲ್ಲಿದ್ದಿ?’

ಅವಳ ಕೈ ನಿಂತಿತು. ‘ಬಾಗಲ ಹೊರಗ,’ ಎಂದಳು. ‘ಕೀಲಿ ನನ್ನ ಸೊಂಟದಾಗಿತ್ತು.’

ನಮ್ಮ ಮನೆಯಲ್ಲಿ ಕೀಲಿಗೊಂಚಲನ್ನು ಬೆಳ್ಳಿ ಕೊಕ್ಕೆಗೆ ಸಿಕ್ಕಿಸಿ ಸೊಸೆಯ ಸೊಂಟಕ್ಕೆ ಕೊಡುವುದು ದೊಡ್ಡ ಮರ್ಯಾದೆ. ಆ ವಾರವೇ ಅತ್ತೆ ಅದನ್ನು ಹಿರಿಸೊಸೆಯಾದ ನನಗೆ ತಪ್ಪಿಸಿ ಅವಳಿಗೆ ಕೊಟ್ಟಿದ್ದಳು. ಆ ಗೊಂಚಲಿಗಾಗಿ ನಾನು ಎಷ್ಟು ವರ್ಷ ಉರಿದೆ! ಆ ಕೋಣೆಯ ಕೀಲಿಯೂ ಅದರಲ್ಲೇ ಇರುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಿಗೆ ಬೆಳ್ಳಿ ಕಾಣುತ್ತದೆ, ಕೀಲಿ ಕಾಣುವುದಿಲ್ಲ.

‘ನೀ ಒದರೋದು ಕೇಳ್ತಿತ್ತು,’ ಎಂದಳು. ‘ಆಮ್ಯಾಲ ಒದರೋದು ನಿಂತ್ತು. ಅದಽ ಭಾಳ ತ್ರಾಸ ಆತು. ಮೂರು ಸರ್ತಿ ಬಾಗಲತನಕ ಬಂದೆ ಯಕ್ಕಾ. ತಗದ್ರ ನನ್ನೂ ಒಳಗ ಹಾಕ್ತಾರಂತ ತಿರುಗಿ ಹೋದೆ. ಇದನ್ನ ಮೊಬೈಲ್ ಮುಂದ ಹ್ಯಾಂಗ ಹೇಳ್ಲಿ? ಬಾಯಿ ತಗದ್ರ, ನಾ ಒಳಗಿದ್ದೆ ಅಂತಽ ಬಂತು.’

‘ರೊಟ್ಟಿ ಸೀದ್ತು ನೋಡು,’ ಎಂದೆ. 

ಊಟ ಮಾಡುವಾಗೆಲ್ಲ ಆ ಥೇಟರೇ ಕಣ್ಣ ಮುಂದೆ. ಅಲ್ಲಿ ಅತ್ತವರೆಲ್ಲ ಒಳಗಿದ್ದ ಹುಡುಗಿ ತಾವೇ ಎಂದುಕೊಂಡು ಅತ್ತವರು. ಹೆಂಡತಿಗೆ ಗದರಿದ ಆ ಗಂಡಸೂ ಹಾಗೇ ಅತ್ತ. ಇಡೀ ಥೇಟರಿನ ತುಂಬ ಒಳಗಿದ್ದವರೇ ಆದರೆ, ಹೊರಗಿನಿಂದ ಬೀಗ ಹಾಕಿದವರು ಯಾವ ಆಟಕ್ಕೆ ಬಂದಿದ್ದರು? ಕಸ್ತೂರಿಯ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ಅವಳಿಗೆ ಅಳಲಿಕ್ಕೆ ನನ್ನ ದುಃಖವೂ ಇತ್ತು, ತನ್ನದೂ ಇತ್ತು. ನನಗೆ ಒಂದೇ.

ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಶ್ವೇತಾಳನ್ನು ಕರೆದು, ಮೊಬೈಲ್ ತರಿಸಿ, ಕಟ್ಟೆಯ ಮೇಲೆ ಕೂತೆ. ‘ಕಣಕಿ ಕ್ವಾಣ್ಯಾಗ ಇದ್ದಾಕಿ ನಾನು. ಸಣ್ಣಾಯಿ ಅಳೋ ಭರದಾಗ ಅದು ತನ್ನ ಕಥಿ ಅಂದಾಳ,’ ಎಂದು ಶುರುಮಾಡಿ, ಕೂಸು ಸತ್ತದ್ದರಿಂದ ಅಣ್ಣ ಬಂದದ್ದರವರೆಗೆ ಒಂದೂ ಬಿಡದೆ ಹೇಳಿದೆ. ನಡುವೆ ಯಾವಾಗಲೋ ಶ್ವೇತಾ ಮೊಬೈಲ್ ಕೆಳಗಿಟ್ಟುಬಿಟ್ಟಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

‘ಯಾರೂ ಬಾಗಲ ತಗೀಲಿಲ್ಲೇನ ಆಯಿ? ಕೀಲಿ ಯಾರ ಕಡಿ ಇತ್ತು?’

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

‘ನಮ್ಮತ್ತಿ ಕಡಿ,’ ಎಂದೆ. ‘ಮಲಗಾಗೂ ಬಿಡ್ತಿರಲಿಲ್ಲ ಮುದುಕಿ.’

ಎದ್ದು ಒಳಗೆ ಹೋದರೆ, ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ‘ಏ, ಸಾಕು ಮಾಡು. ನಿನ್ನಿನ ಅಳು ನಿಂದಾತು, ಇವತ್ತಿನದು ನಂದದ,’ ಎಂದು ಅವಳನ್ನು ಆಚೆ ಸರಿಸಿ, ಭಾಲ್ಕಿ ಬಸ್ಸಿಗೆ ಅವಳ ಬುತ್ತಿ ಕಟ್ಟಲು ಕೂತೆ.