ಹೊಳೆ ತಂದ ಸೌದೆ

ಸೌದೆಯಕ್ಕನ ಕೈಗೆ ಒಂದು ತುಂಡು ಕಟ್ಟಿಗೆ ಕೊಟ್ಟರೆ ಆಕೆ ಮೊದಲು ಅದರತ್ತ ನೋಡುತ್ತಲೇ ಇರಲಿಲ್ಲ. ಅಂಗೈಯಲ್ಲಿಟ್ಟು ತೂಗುತ್ತಿದ್ದಳು. ಆಮೇಲೆ ಸೊಂಟದ ಕತ್ತಿ ತೆಗೆದು ತುದಿಯಲ್ಲೊಂದು ಚಕ್ಕೆ ಎಬ್ಬಿಸಿ, ಕೊಯ್ದ ಜಾಗಕ್ಕೆ ಎಂಜಲು ತಿಕ್ಕಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅದಕ್ಕೂ ಮರ ಬಾಯಿ ಬಿಡದಿದ್ದರೆ ಚಕ್ಕೆಯನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿಯುತ್ತಿದ್ದಳು. ಹೊಳೆಯಲ್ಲಿ ತೇಲಿ ಬಂದ ಮರಕ್ಕೆ ತೊಗಟೆ ಉಳಿದಿರುವುದಿಲ್ಲ, ಬಣ್ಣವೂ ಉಳಿದಿರುವುದಿಲ್ಲ. ಎಲ್ಲ ಬೂದಿ ಬಳಿದುಕೊಂಡು ಒಂದೇ ತಾಯಿಯ ಮಕ್ಕಳ ಹಾಗೆ ದಡದಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಹುಣಸೆ ಯಾವುದು, ನೇರಳೆ ಯಾವುದು ಎಂದು ಬೇರೆ ಮಾಡುವುದು ಹುಡುಗಾಟದ ಮಾತಲ್ಲ.

ಮಾಡದಿದ್ದರೆ ಹೊಟ್ಟೆಪಾಡು ನಡೆಯುತ್ತಿರಲಿಲ್ಲ. ಬ್ರೆಡ್ಡಿನ ಭಟ್ಟಿಯವನಿಗೆ ಹುಣಸೆ, ಗಾಳಿಮರದಂಥ ಗಟ್ಟಿ ಸೌದೆಯೇ ಆಗಬೇಕು. ನಾರುವ ಮರ ಒಂದು ಸೇರಿದರೂ ಒಂದು ಭಟ್ಟಿ ಬ್ರೆಡ್ಡು ತಿಪ್ಪೆಗೆ ಹೋಗುತ್ತದೆ. ಬಟ್ಟೆ ಒಗೆಯುವವರ ಕೊಪ್ಪರಿಗೆಗೆ ಬೂರುಗವೋ ಅತ್ತಿಯೋ, ಏನಾದರೂ ನಡೆದೀತು. ಕಣಗಿಲೆಯ ಕಡ್ಡಿ ಅಪ್ಪಿತಪ್ಪಿ ಯಾರ ಅಡುಗೆ ಒಲೆಗೂ ಹೋಗಬಾರದು, ಅದರ ಹೊಗೆಯೇ ವಿಷ. ಇದನ್ನೆಲ್ಲ ಬೇರೆ ಬೇರೆ ಹೊರೆ ಕಟ್ಟಿ, ತಳ್ಳುಗಾಡಿಯಲ್ಲಿ ಹೇರಿಕೊಂಡು ಸೌದೆಯಕ್ಕ ಬೀದಿಗಿಳಿದಳೆಂದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದಿತ್ತು. ಬೇರೆ ವಿಷಯದಲ್ಲಿ ಆಕೆ ಹರಿಶ್ಚಂದ್ರನ ವಂಶದವಳೇನಲ್ಲ. ಪಕ್ಕದ ಮನೆಯವರ ಕೋಳಿ ತನ್ನ ಅಂಗಳದಲ್ಲಿ ಮೊಟ್ಟೆಯಿಟ್ಟರೆ ಕೋಳಿಯನ್ನೇ ನೋಡಿಲ್ಲವೆಂದು ಸಾಧಿಸುವವಳು. ಆದರೆ ಮರದ ಮಾತಿಗೆ ಬಂದರೆ ಸುಳ್ಳು ಆಕೆಯ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ.

ಬಾಯಿ ಮಾತ್ರ ಬಲು ಜೋರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಬಿಟ್ಟು ಬಂದಿದ್ದಳು. ಯಾಕೆಂದು ಕೆಣಕಿದವರಿಗೆ, "ಮೇಲೆ ನೋಡಿದ್ರೆ ತೇಗ, ಕೊಯ್ದು ನೋಡಿದ್ರೆ ಬೂರುಗ. ನಾನೇನ್ ಮಾಡ್ಲಿ? ಮದುವೆಗೆ ಮುಂಚೆ ಚಕ್ಕೆ ತೆಗೆದು ನೋಡೋಕೆ ಯಾರೂ ಬಿಡ್ಲಿಲ್ಲ!" ಎನ್ನುತ್ತಿದ್ದಳು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಜವೆಂದರೆ, ತವರಿನಲ್ಲಿ ತಂದೆತಾಯಿ ಇಬ್ಬರೂ ಹೋಗಿ ಪುಟ್ಟ ತಮ್ಮನೊಬ್ಬ ಉಳಿದಿದ್ದ. ಗಂಡನಾದವನು ಅವನನ್ನು ಮನೆಗೆ ಸೇರಿಸಲಿಲ್ಲ, ಅಷ್ಟೇ. ಆ ತಮ್ಮನನ್ನು ಆಕೆ ಸೌದೆ ಮಾರಿಯೇ ಸಾಕಿದಳು. ಅವನು ದೋಣಿಯವನಾದ. ಆಕೆ ಬೈದರೂ ನಗುವವನು, ಬೈಯದಿದ್ದರೆ ಏನಾಯಿತೆಂದು ಬಂದು ಕೇಳುವವನು.

ತಮ್ಮನ ಹೆಂಡತಿಗೂ ಆಕೆಗೂ ಮಾತ್ರ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಒಲೆಯ ಮುಂದೆ ಒಬ್ಬರಿದ್ದರೆ ಇನ್ನೊಬ್ಬರು ಹಿತ್ತಿಲಲ್ಲಿ. ಹೀಗಿದ್ದವರನ್ನು ಆ ವರ್ಷದ ನೆರೆ ಒಂದುಮಾಡಿತು.

ಹೊಳೆ ಏರಿದ ದಿನ ತಮ್ಮನು ದೋಣಿಯಲ್ಲಿ ಹೆಂಚಿನ ಹೇರು ತರಲು ಕೆಳಗಿನ ದಡಕ್ಕೆ ಹೋಗಿದ್ದ. ಮರಳಿ ಬರಲಿಲ್ಲ. ಎಷ್ಟೋ ದೋಣಿಗಳು ಒಡೆದವು, ಎಷ್ಟೋ ಜನ ಎಲ್ಲೆಲ್ಲೋ ದಡ ಹತ್ತಿ ನಡೆದುಕೊಂಡು ಮನೆ ಸೇರಿದರು. ಹೊಳೆ ಕಡಲು ಸೇರುವಲ್ಲಿ ದೊಡ್ಡ ಹಡಗಿನವರು ಯಾರನ್ನೋ ಮೇಲೆತ್ತಿಕೊಂಡದ್ದನ್ನು ಕಂಡೆ ಎಂದು ಒಬ್ಬ ದೋಣಿಯವನು ಹೇಳಿದ. ಅವನು ಹೇಳಿದ್ದು ಅಷ್ಟೇ. ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ ತಮ್ಮನ ಹೆಂಡತಿ ಆ ಮಾತು ಕೇಳಿ ಎದ್ದು ಕೂತಳು, ಉಂಡಳು, ತಲೆ ಬಾಚಿಕೊಂಡಳು. ಮರುದಿನ ಬೆಳಗ್ಗೆ ಬುಟ್ಟಿ ಹಿಡಿದು ಸೌದೆಯಕ್ಕನ ಹಿಂದೆಯೇ ಹೊಳೆದಂಡೆಗೆ ಬಂದಳು.

"ನೋಡಿ ಅತ್ತಿಗೆ, ಇವರು ಮುಳುಗಿದ್ರೆ ದೋಣಿನೂ ಒಡೆದಿರತ್ತೆ. ದೋಣಿ ಒಡೆದಿದ್ರೆ ಚೂರುಪಾರಾದ್ರೂ ಈ ತಿರುವಿಗೆ ಬಂದು ಬೀಳ್ಲೇಬೇಕು. ಹೊಳೇಲಿ ಹೋದದ್ದೆಲ್ಲ ಇಲ್ಲಿಗೇ ತಾನೇ ಬರೋದು, ಕಡಲಿನ ಉಬ್ಬರ ಹಿಂದಕ್ಕೆ ತಳ್ಳತ್ತೆ ಅಂತ ನೀವೇ ಹೇಳಿದೀರಲ್ಲ" ಎಂದಳು.

ಅಲ್ಲಿನ ದೋಣಿಗಳೆಲ್ಲ ಹೆಬ್ಬಲಸಿನ ಹಲಗೆಯವು. ದಡಕ್ಕೆ ಬಿದ್ದ ಹೆಬ್ಬಲಸಿನ ಚೂರು ಯಾರ ದೋಣಿಯದಾದರೂ ಆಗಿರಬಹುದು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಆದರೆ ತಮ್ಮನ ದೋಣಿಗೆ ಪಕ್ಕದಲ್ಲೊಂದು ಬೇವಿನ ತೇಪೆಯಿತ್ತು. ಬೇರಾವ ದೋಣಿಗೂ ಅದಿರಲಿಲ್ಲ. ಹುಳು ಕೊರೆದು ಹಲಗೆ ತೂತಾದಾಗ ಹಿತ್ತಿಲಲ್ಲಿ ಬಿದ್ದಿದ್ದ ಬೇವಿನ ಮರ ಕೊಯ್ಯಿಸಿ, "ಇದನ್ನೇ ಹಾಕು, ಈ ಕಹಿಗೆ ಹುಳು ಹತ್ತಿರ ಸುಳಿಯಲ್ಲ" ಎಂದವಳು ಸೌದೆಯಕ್ಕನೇ. ದೋಣಿ ಕಟ್ಟುವ ಆಚಾರಿ ತಲೆಯಾಡಿಸಿದ್ದ. "ಹುಳು ಬರಲ್ಲ ಸರಿ ಅಕ್ಕ, ಆದ್ರೆ ನೀರು ಕುಡಿದು ಬಿಸಿಲು ಕಂಡ್ರೆ ಬೇವು ಸೆಟೆದುಕೊಳ್ಳತ್ತೆ. ಗೂಟ ಬಡಿದ ತೂತಿನ ಹತ್ರ ಸೀಳತ್ತೆ" ಎಂದಿದ್ದ. "ನೀನು ಮರ ನೋಡೋದು ಗರಗಸ ಹಿಡಿದಾಗ. ನಾನು ನೋಡೋದು ಅದು ಬೂದಿಯಾಗೋ ತನಕ. ನಂಗೆ ಹೇಳಿಕೊಡ್ತೀಯಾ?" ಎಂದು ಆಕೆ ಅವನ ಬಾಯಿ ಮುಚ್ಚಿಸಿದ್ದಳು. ತಮ್ಮ ನಗುತ್ತಾ, "ಅಕ್ಕ ಹೇಳಿದ್ಮೇಲೆ ಮುಗೀತು" ಎಂದು ತೇಪೆ ಹಾಕಿಸಿಕೊಂಡಿದ್ದ.

ಹಾಗಾಗಿ ತಮ್ಮನ ಹೆಂಡತಿಯ ಪ್ರಶ್ನೆ ದಿನವೂ ಒಂದೇ. ಕೈಗೆ ಸಿಕ್ಕ ತುಂಡನ್ನೆಲ್ಲ ತಂದು ಮುಂದೆ ಹಿಡಿದು, "ಬೇವಲ್ಲ ತಾನೇ ಅತ್ತಿಗೆ?" ಎನ್ನುವಳು. ಸೌದೆಯಕ್ಕ ಕೊಯ್ದು, ಮೂಸಿ, "ಅಲ್ಲ ಕಣೇ, ನೇರಳೆ", "ಅಲ್ಲ, ಹಲಸು, ಯಾರದೋ ಮಂಚದ ಕಾಲು" ಎನ್ನುವಳು. ಹುಡುಗಿಯ ಮುಖ ಅರಳುವುದು. ಆ ಅರಳಿದ ಮುಖದಲ್ಲೇ ಅವಳು ರಾತ್ರಿಯ ಊಟ ಮಾಡುತ್ತಿದ್ದಳು. ಸೌದೆಯಕ್ಕನಿಗೂ ತುತ್ತು ಇಳಿಯುತ್ತಿದ್ದುದು ಅದರಿಂದಲೇ.

ನೆರೆ ಇಳಿದು ಬಿಸಿಲು ಬಿದ್ದ ಮೇಲೆ ಒಂದು ದಿನ ಸೌದೆಯಕ್ಕ ಎದೆಮಟ್ಟದ ನೀರಿಗಿಳಿದು ಒಂದು ದೊಡ್ಡ ಕೊರಡು ಎಳೆದು ತಂದಿದ್ದಳು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ತಮ್ಮನ ಹೆಂಡತಿ ಮರಳ ದಿಬ್ಬದ ಕಡೆಯಿಂದ ಒಂದು ಹಲಗೆ ಚೂರು ಹಿಡಿದುಕೊಂಡು ಬಂದಳು. ಮೊಳಕ್ಕಿಂತ ಗಿಡ್ಡ, ಬಿಸಿಲಿಗೆ ಬಿದ್ದು ಚೆನ್ನಾಗಿ ಒಣಗಿತ್ತು.

"ಇದು?"

ಕೈಗೆ ತೆಗೆದುಕೊಂಡಾಗಲೇ ಹೆಬ್ಬಲಸಲ್ಲವೆಂದು ಗೊತ್ತಾಯಿತು. ಕೊಯ್ದಳು. ಒಳಗೆ ಕೆಂಪು. ಮೂಸಿದಳು, ಬರೀ ಕೆಸರಿನ ವಾಸನೆ. ಇನ್ನೂ ಆಳಕ್ಕೆ ಕತ್ತಿ ಇಳಿಸಿ ಚಕ್ಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಕಹಿ ನಾಲಿಗೆಯ ಬುಡದಿಂದ ಎದ್ದು ಗಂಟಲಿಗೆ ಇಳಿಯಿತು.

ಬೆರಳು ತಾನಾಗಿಯೇ ಅಂಚಿಗೆ ಹೋಯಿತು. ಅಲ್ಲಿ ಗೂಟದ ತೂತಿತ್ತು. ಚೂರು ಸೀಳಿದ್ದು ಸರಿಯಾಗಿ ಆ ತೂತಿನ ನಡುವೆಯೇ. ಆಚಾರಿ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಬೇವಲ್ಲ ತಾನೇ ಅತ್ತಿಗೆ?"

ಕಹಿ ಅಗಿದವರು ಥೂ ಎಂದು ಉಗಿಯುತ್ತಾರೆ, ಇಲ್ಲವೇ ಮುಖ ಕಿವಿಚುತ್ತಾರೆ. ಸೌದೆಯಕ್ಕ ಎರಡನ್ನೂ ಮಾಡಲಿಲ್ಲ. ಚಕ್ಕೆಯನ್ನು ಹಾಗೇ ನುಂಗಿದಳು.

"ಮಾವು" ಎಂದಳು. "ಯಾರದೋ ಮನೆ ಕಿಟಕಿ ಬಾಗಿಲು."

ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಆ ಹುಡುಗಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಾಳು ಎಂಬ ಭಯ ಇದ್ದದ್ದು ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಭಯವಿತ್ತು, ಅದು ಅದಕ್ಕಿಂತ ದೊಡ್ಡದು. ಬೇವು ಎಂದರೆ, ಅದನ್ನು ಹಾಕಿಸಿದವರು ಯಾರು ಎಂಬ ಮಾತು ಬರುತ್ತಿತ್ತು. ಸಾಕಿದ ಕೈಯೇ ತಮ್ಮನ ದೋಣಿಗೆ ತೂತು ಹೊಡೆಯಿತೇ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಆಕೆಗೆ ಧೈರ್ಯವಿರಲಿಲ್ಲ. ಇನ್ನೊಬ್ಬರ ಮುಂದೆ ಹೇಗೆ ಹೇಳಿಯಾಳು?

"ಅಬ್ಬಾ, ಬದುಕಿದೆ! ಆ ತೂತು ನೋಡಿ ನನ್ ಜೀವ ಬಾಯಿಗೆ ಬಂದಿತ್ತು" ಎಂದು ತಮ್ಮನ ಹೆಂಡತಿ ಚೂರನ್ನು ಬುಟ್ಟಿಗೆ ಹಾಕಿಕೊಂಡಳು. ಆಮೇಲೆ ಆಕೆಯ ಕೈ ಮುಟ್ಟಿ ನೋಡಿ, "ಅಯ್ಯೋ, ಹೀಗೆ ನಡುಗ್ತಿದೀರಲ್ಲ! ಇವತ್ತಿಗೆ ಸಾಕು ನಡೀರಿ. ಬಿಸಿನೀರು ಕಾಯಿಸ್ತೀನಿ" ಎಂದು ತಳ್ಳುಗಾಡಿಯನ್ನು ತಾನೇ ತಳ್ಳಿಕೊಂಡು ಹೊರಟಳು.

ಬಚ್ಚಲ ಒಲೆಯ ಮುಂದೆ ಅವಳು ಬುಟ್ಟಿ ಸುರಿದಳು. ಮಿಕ್ಕದ್ದೆಲ್ಲ ಹಸಿ, ಆ ಚೂರೊಂದೇ ಒಣಗಿದ್ದು.

"ಅದು ಬಿಡು" ಎಂದಳು ಸೌದೆಯಕ್ಕ.

"ಯಾಕೆ?"

ಯಾಕೆಂದು ಹೇಳುವುದು? ಒಪ್ಪವಾದ ಒಂದು ಕಾರಣ ಸಿಕ್ಕಿದ್ದರೂ ಆ ಚೂರು ಉಳಿಯುತ್ತಿತ್ತು. "ಒದ್ದೆ ಇರಬಹುದು" ಎಂದಳು.

"ಒದ್ದೆ ಎಲ್ಲಿ ಬಂತು, ಗರಿಗರಿಯಾಗಿದೆ. ಮಾವಿನ ಸೌದೆ ಬಚ್ಚಲಿಗೇ ಸೈ ಅಂತ ನೀವೇ ಹೇಳಿಕೊಟ್ಟದ್ದು" ಎಂದು ನಕ್ಕು ಅವಳು ಅದನ್ನು ಒಲೆಯೊಳಗೆ ತಳ್ಳಿ ಊದಿದಳು. ಹಂಡೆಯ ತಳ ಸುತ್ತಿ ಉರಿ ಎದ್ದಿತು. ಸೌದೆಯಕ್ಕ ಕಂಬಕ್ಕೊರಗಿ ನಿಂತು, ತಮ್ಮನಿಂದ ಮರಳಿ ಬಂದದ್ದು ಇಷ್ಟೇ ಎಂದು ತಿಳಿದೂ, ಅದು ಉರಿದು ಕೆಂಡವಾಗುವವರೆಗೆ ಸುಮ್ಮನೆ ನೋಡಿದಳು.

ತಮ್ಮನ ಹೆಂಡತಿ ಎಂದೂ ಇಲ್ಲದವಳು ಆ ದಿನ ಅತ್ತಿಗೆಯ ಬೆನ್ನಿಗೆ ತಾನೇ ನೀರು ಹಾಕಿದಳು. ಬೆನ್ನು ತಿಕ್ಕುತ್ತಾ ಮಾತಾಡುತ್ತಲೇ ಇದ್ದಳು. "ಬರಲಿ ಇವರು, ಬಾಗಿಲಲ್ಲೇ ನಿಲ್ಲಿಸಿ ಬೈತೀನಿ. ಅಕ್ಕನನ್ನ ದಿನಾ ನೀರಲ್ಲಿ ನಿಲ್ಲಿಸಿದೀರಲ್ಲ, ನಾಚಿಕೆ ಆಗಲ್ವಾ ಅಂತೀನಿ. ನೀವೂ ನಾಲ್ಕು ಮಾತು ಸೇರಿಸಿ, ಆಯ್ತಾ?"

"ಹೂಂ" ಎಂದಳು ಸೌದೆಯಕ್ಕ.

"ಹದವಾಗಿದೆಯಾ ನೀರು? ಇನ್ನೊಂದು ಚೊಂಬು ಹಾಕ್ಲಾ?"

ಮೈಯ ನಡುಕ ಆಗಲೇ ನಿಂತಿತ್ತು. ಬೇಡವೆನ್ನಲು ಬಾಯಿ ತೆರೆದಳು, "ಹಾಕು" ಎಂದುಬಿಟ್ಟಳು. ನೀರು ಕುತ್ತಿಗೆಯಿಂದ ಬೆನ್ನಿಗೆ ಬೆಚ್ಚಗೆ ಇಳಿಯಿತು, ಮೈಗೆ ಹಿತವಾಯಿತು. ಮುಂದೆ ಎಷ್ಟೋ ಕಾಲ ಬದುಕಿದ ಸೌದೆಯಕ್ಕ, ಸುಳ್ಳು ಹೇಳಿದ್ದಕ್ಕೆ ತನ್ನನ್ನು ಕ್ಷಮಿಸಿಕೊಂಡಳು. ಆ ನೀರು ಹಿತವಾಯಿತಲ್ಲ, ಅದಕ್ಕೆ ಮಾತ್ರ ಕ್ಷಮಿಸಿಕೊಳ್ಳಲಿಲ್ಲ.